ದೊಡ್ಡ ಕ್ಯಾನು, ಸಣ್ಣ ಬಾಟಲಿ

ಆಸ್ಪತ್ರೆಯ ಔಷಧಿ ಕಿಟಕಿಯಿಂದ ಈಚೆ ಬಂದಾಗ ಅಕ್ಕನ ಕೈಯಲ್ಲಿ ಅಡುಗೆ ಎಣ್ಣೆಯ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಕ್ಯಾನು ಇತ್ತು. ತಂಗಿಯ ಕೈಯಲ್ಲಿ ಕೆಮ್ಮಿನ ಔಷಧಿಯಂಥ ಎರಡು ಪುಟ್ಟ ಬಾಟಲಿ. ಇಬ್ಬರಿಗೂ ಆಗಬೇಕಿದ್ದುದು ಒಂದೇ ಪರೀಕ್ಷೆ, ಕೊಲೊನೋಸ್ಕೋಪಿ. ಅಂದರೆ ಹಿಂದಿನಿಂದ ಕ್ಯಾಮೆರಾದ ಕೊಳವೆ ತೂರಿಸಿ ದೊಡ್ಡ ಕರುಳನ್ನು ನೋಡುವುದು. ನೋಡುವ ಮೊದಲು ಕರುಳು ತೊಳೆದಿಟ್ಟ ಲೋಟದಂತಿರಬೇಕಾದ್ದರಿಂದ ಈ ಔಷಧಿ. ಅಕ್ಕ ತನ್ನ ಕ್ಯಾನನ್ನು ನೋಡಿಕೊಂಡಳು, ತಂಗಿಯ ಬಾಟಲಿಗಳನ್ನು ನೋಡಿದಳು, ಕೊನೆಗೆ ಆಸ್ಪತ್ರೆಯ ಚಾವಣಿಯನ್ನು ನೋಡಿದಳು.

"ನನಗೆ ನಾಲ್ಕು ಲೀಟರು, ನಿನಗೆ ನಾಲ್ಕು ಗುಟುಕು," ಅಂದಳು.

"ಡಾಕ್ಟರಮ್ಮ ಹೇಳಿದ್ರಲ್ಲ ಅಕ್ಕಾ, ಯಾಕೆ ಅಂತ."

"ಏನು ಹೇಳಿದ್ರು? ನಿನ್ನ ಕೋಟು ಹೊಗಳಿದ್ದು ಬಿಟ್ರೆ ನನಗೇನೂ ಕೇಳಿಸಲಿಲ್ಲ."

ಅದು ಸುಳ್ಳಲ್ಲ. ಒಳಗೆ ಡಾಕ್ಟರಮ್ಮ ಮಾತು ಶುರು ಮಾಡುವ ಮೊದಲು ತಂಗಿ ತೊಟ್ಟಿದ್ದ ಬೂದು ಬಣ್ಣದ ಕೋಟನ್ನು ನೋಡಿ "ಎಷ್ಟು ಚೆನ್ನಾಗಿದೆ, ಯಾರು ಹೊಲಿದಿದ್ದು?" ಎಂದು ಕೇಳಿದ್ದರು. "ನಾನೇ ಹೊಲ್ಕೊಂಡಿದ್ದು" ಎಂದು ತಂಗಿ ನಾಚಿಕೊಂಡು ಹೇಳಿದ್ದಳು. ಕತ್ತರಿಸಿದ್ದು ನಮ್ಮಕ್ಕ ಎಂದು ಒಂದು ಮಾತು ಸೇರಿಸಿದ್ದರೆ ನಾಲಿಗೆ ಸವೆಯುತ್ತಿತ್ತೇ? ಆ ಉರಿಯಲ್ಲಿ ಕೂತಿದ್ದವಳಿಗೆ ಡಾಕ್ಟರಮ್ಮ ಅನಂತರ ಹೇಳಿದ ಒಂದು ಮಾತೂ ಕಿವಿಗೆ ಇಳಿಯಲಿಲ್ಲ. ಇಳಿದಿದ್ದರೆ ಈ ಕಥೆ ಅರ್ಧಕ್ಕೇ ಮುಗಿಯುತ್ತಿತ್ತು.

ಬೀದಿಯವರು ಅವಳನ್ನು ಕತ್ತರಿಯಕ್ಕ ಎಂದೇ ಕರೆಯುವುದು. ಶಾಲಾ ಮಕ್ಕಳ ಸಮವಸ್ತ್ರ, ನರ್ಸುಗಳ ಕೋಟು, ಹೋಟೆಲಿನವರ ಏಪ್ರನ್ನು, ಕಿಟಕಿಯ ಪರದೆ, ಇಷ್ಟನ್ನು ಹೊಲಿಯುವ ಒಂದು ಸಣ್ಣ ಅಂಗಡಿ. ಅದರ ಹಿಂದೆ ಎರಡು ಕೋಣೆಯ ಮನೆ. ಅಕ್ಕ ಅಳತೆ ತೆಗೆದು, ಮೇಜಿನ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುತ್ತಾಳೆ. ತಂಗಿ ಮೆಷಿನ್ನಿನ ಮುಂದೆ ಕೂತು ಹೊಲಿಯುತ್ತಾಳೆ. ಕತ್ತರಿಸುವ ಕೆಲಸದ ಹಣೆಬರಹ ಏನೆಂದರೆ, ಅದು ಸರಿಯಾಗಿದ್ದಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ತಪ್ಪಿದಾಗ ಮಾತ್ರ ಬೀಳುತ್ತದೆ. ಬಂದವರೆಲ್ಲ ಬಟ್ಟೆ ತೊಟ್ಟು ಕನ್ನಡಿಯ ಮುಂದೆ ತಿರುಗಿ "ಆಹಾ, ಏನು ಹೊಲಿಗೆ!" ಎಂದು ತಂಗಿಯ ಕಡೆ ನೋಡಿ ನಗುತ್ತಾರೆ. ಭುಜ ಸರಿಯಾಗಿ ಕೂತಿರುವುದು ಹೊಲಿಗೆಯಿಂದಲ್ಲ, ಕತ್ತರಿಯಿಂದ ಎಂದು ಅಕ್ಕ ಯಾರಿಗೆ ಹೇಳಬೇಕು? ಟೇಪನ್ನು ಕೊರಳಿಗೆ ಹಾಕಿಕೊಂಡು ಮುಖ ಗಂಟಿಕ್ಕಿ ಮುಂದಿನ ಗಿರಾಕಿಯನ್ನು ಕರೆಯುತ್ತಾಳೆ.

ಅವಳ ಸಂಕಟ ಅಂಗಡಿಗಷ್ಟೇ ಸೀಮಿತವಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಒಬ್ಬಳೇ ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಆ ಮಗಳಾದರೂ ಅಮ್ಮನಂತಿದ್ದಾಳೆಯೇ? ಮೂಗು ಚಿಕ್ಕಮ್ಮನದು, ನಗು ಚಿಕ್ಕಮ್ಮನದು, ಕಡೆಗೆ ಸೀನುವುದೂ ಚಿಕ್ಕಮ್ಮನ ಹಾಗೆಯೇ. "ಹೆರೋಕೆ ನಾನು, ಹೋಲೋಕೆ ಇವಳು!" ಎಂದು ಅಕ್ಕ ಕಂಡವರೆದುರೆಲ್ಲ ಹೇಳಿಕೊಂಡಿದ್ದಾಳೆ. ತಂಗಿ ಮದುವೆಯಾಗಲಿಲ್ಲ. ಅದಕ್ಕೂ ಅಕ್ಕನಿಗೆ ಹೊಟ್ಟೆ ಉರಿಯೇ. ಬಂದ ಗಂಡುಗಳನ್ನೆಲ್ಲ ಒಪ್ಪಿಗೆ ಇಲ್ಲ ಎಂದು ವಾಪಸು ಕಳಿಸುವ ಭಾಗ್ಯ ಎಷ್ಟು ಜನರಿಗೆ ಸಿಕ್ಕೀತು? ತನ್ನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಹಾಗೆಂದು ಅಕ್ಕ ಕೆಟ್ಟವಳು ಎಂದುಕೊಳ್ಳಬೇಡಿ. ತಂಗಿಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂರುವವಳು ಇವಳೇ. ಹಾಕುತ್ತಾ ಹಾಕುತ್ತಾ "ನನಗೆ ಜ್ವರ ಬಂದಾಗ ಹೀಗೆ ಯಾರು ನೋಡ್ಕೊಂಡ್ರು?" ಎಂದು ಗೊಣಗುವವಳೂ ಇವಳೇ.

ಇದಕ್ಕೆಲ್ಲ ಮೂಲ ಅಪ್ಪ ಮಾಡಿಟ್ಟ ಒಂದು ಕಾನೂನು. ಇಬ್ಬರು ಹೆಣ್ಣುಮಕ್ಕಳು ತಿಂಡಿಗಾಗಿ ಜುಟ್ಟು ಹಿಡಿದು ಜಗಳವಾಡುತ್ತಿದ್ದ ಕಾಲದಲ್ಲಿ ಅಪ್ಪ ಬೇಸತ್ತು ತೀರ್ಮಾನಿಸಿದ: ಮನೆಗೆ ಏನೇ ಬರಲಿ, ದೊಡ್ಡವಳು ಎರಡು ಪಾಲು ಮಾಡಬೇಕು, ಚಿಕ್ಕವಳು ಮೊದಲು ಆರಿಸಿಕೊಳ್ಳಬೇಕು. ಅಪ್ಪನ ಮಟ್ಟಿಗೆ ನ್ಯಾಯವಾಯಿತು, ಮನೆ ತಣ್ಣಗಾಯಿತು. ಅಕ್ಕನ ಮಟ್ಟಿಗೆ ಮಾತ್ರ ಅಂದು ಬಿದ್ದ ಕಿಚ್ಚು ಆರಲೇ ಇಲ್ಲ. ಪಾಲಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ದೊಡ್ಡದು ತಂಗಿಯ ಪಾಲಾಗುತ್ತದಲ್ಲ ಎಂದು ಅವಳು ಉಸಿರು ಬಿಗಿಹಿಡಿದು ಕತ್ತರಿಸುವುದನ್ನು ಕಲಿತಳು. ಕೈಗೆ ಆ ನೇರ್ಪು ಬಂದದ್ದು ಹಾಗೆ. ಅಪ್ಪ ಸತ್ತರೂ ಕಾನೂನು ಸಾಯಲಿಲ್ಲ. ಈಗಲೂ ಅವರ ಮನೆಯಲ್ಲಿ ಒಂದು ಸೇಬು ಹಣ್ಣಿದ್ದರೆ ಚಾಕು ಅಕ್ಕನ ಕೈಯಲ್ಲಿ, ಮೊದಲ ಹೋಳು ತಂಗಿಯ ಕೈಯಲ್ಲಿ.

ಪರೀಕ್ಷೆಯ ಮಾತು ಬಂದದ್ದು ತಮ್ಮನಿಂದ. ಇಬ್ಬರಿಗಿಂತಲೂ ಬಹಳ ಚಿಕ್ಕವನಾದ ಆ ತಮ್ಮ ಹಿಂದಿನ ವರ್ಷ ಕರುಳಿನ ಕ್ಯಾನ್ಸರಿಗೆ ಹೋಗಿಬಿಟ್ಟ. ತಡವಾಗಿ ಗೊತ್ತಾಯಿತು, ಡಾಕ್ಟರು ಕೈ ಚೆಲ್ಲಿದರು. ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಆಗಲೇ ಹೇಳಿದ್ದರು, ಇಬ್ಬರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಚೆಗೆ ಅಕ್ಕನಿಗೆ ಕಕ್ಕಸಿನಲ್ಲಿ ರಕ್ತ ಕಾಣಿಸಿತು. ಒಂದು ಸಲ ಕಂಡಾಗ ನೋಡಲೇ ಇಲ್ಲವೆಂಬಂತೆ ನೀರು ಸುರಿದು ಬಂದಳು. ಮತ್ತೆ ಕಂಡಾಗ ತಮ್ಮನ ಕೊನೆಯ ದಿನಗಳು ಕಣ್ಣ ಮುಂದೆ ಬಂದವು. ತಂಗಿಗೆ ಹೇಳಿದಳು, ಹೇಳಿದ್ದೂ ಜಗಳದ ನಡುವೆ: "ನೀನು ನಿಶ್ಚಿಂತೆಯಾಗಿ ಹೊಲೀತಾ ಕೂತಿರು, ನಾನಿಲ್ಲಿ ರಕ್ತ ಸುರಿಸಿ ಸಾಯ್ತೀನಿ!"

ತಂಗಿ ಮೆಷಿನ್ನು ನಿಲ್ಲಿಸಿದಳು. ಮಾರನೆಯ ದಿನವೇ ಆಸ್ಪತ್ರೆಗೆ ಹೋಗಿ ಇಬ್ಬರ ಹೆಸರನ್ನೂ ಹೇಳಿ ಬಂದಳು. "ನಾನೂ ಮಾಡಿಸ್ಕೊಳ್ತೀನಿ. ನೀನೊಬ್ಬಳೇ ಆದ್ರೆ ಹೆದರ್ಕೊಳ್ತೀಯ," ಅಂದಳು. ಅವಳಿಗೆ ಹೊಟ್ಟೆನೋವಿಲ್ಲ, ರಕ್ತವಿಲ್ಲ, ಕಲ್ಲು ತಿಂದು ಕರಗಿಸುವ ಹೊಟ್ಟೆ. ಅಕ್ಕನಿಗೆ ಕಣ್ಣು ತುಂಬಿತು. ಮರುಕ್ಷಣವೇ, ನನ್ನ ಕಾಯಿಲೆಯಲ್ಲೂ ಪಾಲಿಗೆ ಬಂದಳಲ್ಲ ಎಂದೂ ಅನ್ನಿಸಿತು.

ಪರೀಕ್ಷೆಯ ವಿಷಯ ಬೀದಿಗೆ ತಿಳಿದದ್ದೇ ತಡ, ಎದುರು ಮನೆಯ ನಿವೃತ್ತ ಬಸ್ ಡ್ರೈವರ್ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತ. ಅವನಿಗೆ ಈ ಪರೀಕ್ಷೆ ಮೂರು ಸಲ ಆಗಿತ್ತು. ಪುಣ್ಯಕ್ಷೇತ್ರ ಸುತ್ತಿ ಬಂದವನ ಠೀವಿಯಲ್ಲಿ ಮಾತಾಡಿದ.

"ಮೊದಲನೇ ಸಲ ನನಗೆ ಕೊಟ್ಟಿದ್ದು ಹರಳೆಣ್ಣೆ. ಮೇಲೆ ಎನಿಮಾ. ಅದು ಬೇಡ ತಾಯಿ, ಮನುಷ್ಯ ಪಡೋ ಪಾಡಲ್ಲ. ಎರಡನೇ ಸಲ ಈ ದೊಡ್ಡ ಕ್ಯಾನು. ಕುಡಿಯೋದು ಕಷ್ಟ, ವಾಂತಿ ಬಂದಂಗಾಗುತ್ತೆ, ಆದ್ರೆ ಕೆಲಸ ಮಾತ್ರ ಪಕ್ಕಾ. ಮೂರನೇ ಸಲ ಈ ಸಣ್ಣ ಬಾಟಲಿ. ನಿಂಬೆಹುಳಿ ರುಚಿ, ಕುಡಿದಿದ್ದೇ ಗೊತ್ತಾಗಲ್ಲ. ಮೇಲಿಂದ ಬರೀ ನೀರು ಕುಡೀತಾ ಇದ್ರಾಯ್ತು. ಈಗ ಮಾತ್ರೆನೂ ಬಂದಿದೆಯಂತೆ, ನೀರಿನ ಜೊತೆ ನುಂಗೋದು."

"ಹಾಗಾದ್ರೆ ಸಣ್ಣದೇ ವಾಸಿ," ಅಂದಳು ಅಕ್ಕ, ತಂಗಿಯ ಕಡೆ ಕಣ್ಣು ಹಾಯಿಸಿ.

"ವಾಸಿ ಅಂತಲ್ಲ. ಯಾರ ಹೊಟ್ಟೆಗೆ ಯಾವುದು ಅಂತ ಡಾಕ್ಟ್ರು ನೋಡಿ ಕೊಡ್ತಾರೆ. ಯಾವುದೇ ಆಗ್ಲಿ, ಅರ್ಧ ಹಿಂದಿನ ದಿನ, ಅರ್ಧ ಆವತ್ತು ಬೆಳಗಿನ ಜಾವ. ಒಂದೇ ಸಲಕ್ಕೆ ಕುಡಿದು ಮಲಗಿಬಿಟ್ರೆ ಕರುಳು ಮತ್ತೆ ಗಲೀಜಾಗುತ್ತೆ. ಇದು ಮಾತ್ರ ನೆನಪಿಟ್ಕೊಳ್ಳಿ."

ಅಕ್ಕ ನೆನಪಿಟ್ಟುಕೊಂಡದ್ದು ನಿಂಬೆಹುಳಿಯನ್ನು.

ಮೂರು ದಿನದಿಂದ ಬೀಜ, ಸಿಪ್ಪೆ, ಸೊಪ್ಪು ಏನೂ ಇಲ್ಲದ ಸಪ್ಪೆ ಬ್ರೆಡ್ಡು ತಿಂದು, ಪರೀಕ್ಷೆಯ ಹಿಂದಿನ ದಿನ ಅದೂ ಇಲ್ಲದೆ, ಹಾಲು ಹಾಕದ ಚಹಾ ಮತ್ತು ಸೋಸಿದ ಹಣ್ಣಿನ ರಸದಲ್ಲೇ ಇಬ್ಬರೂ ಮಧ್ಯಾಹ್ನದವರೆಗೆ ತಳ್ಳಿದರು. ಅಂಗಡಿಯ ಬಾಗಿಲು ಹಾಕಿತ್ತು. ಅಡುಗೆ ಕೋಣೆಯ ಮೇಜಿನ ಮೇಲೆ ಅಕ್ಕನ ಕ್ಯಾನು, ಪುಡಿ ಕರಗಿಸಿ ತಣ್ಣಗೆ ಮಾಡಿದ್ದು, ಮೈಯೆಲ್ಲ ಬೆವರಿ ನಿಂತಿತ್ತು. ತಂಗಿಯ ಬಾಟಲಿಗಳು ಅದರ ಪಕ್ಕದಲ್ಲಿ ಆಟದ ಸಾಮಾನಿನಂತೆ ಕಾಣುತ್ತಿದ್ದವು.

ಅಕ್ಕ ಮೊದಲ ಲೋಟ ಬಾಯಿಗಿಟ್ಟಳು. ಉಪ್ಪು ನೀರಿಗೆ ಸೋಪು ಕಲಸಿದ ಹಾಗಿತ್ತು. ಗಂಟಲಿನಿಂದ ಕೆಳಗೆ ಇಳಿಯಲು ಒಪ್ಪದೆ ಅದು ಅಲ್ಲೇ ತೂಗಾಡಿತು. ಮೂಗು ಹಿಡಿದುಕೊಂಡು ನುಂಗಿದಳು. ಅಷ್ಟರಲ್ಲಿ ತಂಗಿ ತನ್ನ ಬಾಟಲಿಯ ಮುಚ್ಚಳ ತೆಗೆದಳು. ಕೋಣೆಯಲ್ಲಿ ನಿಂಬೆಯ ಪರಿಮಳ ಹರಡಿತು.

ಆ ಪರಿಮಳ ಅಕ್ಕನ ತಲೆಗೇರಿತು. "ನಿಲ್ಲಿಸು," ಅಂದಳು. "ಕುಡೀಬೇಡ ಇನ್ನೂ. ಮೊದಲು ಪಾಲು ಮಾಡು."

"ಏನು ಪಾಲು?"

"ಅಪ್ಪ ಮಾಡಿದ ಕಾನೂನು. ಮನೆಗೆ ಏನು ಬಂದ್ರೂ ಪಾಲಾಗಬೇಕು ತಾನೇ? ಇಷ್ಟು ವರ್ಷ ನಾನು ಮಾಡಿದೆ, ನೀನು ಆರಿಸ್ಕೊಂಡೆ. ಇವತ್ತು ನೀನು ಮಾಡು, ನಾನು ಆರಿಸ್ತೀನಿ."

ತಂಗಿಗೆ ನಗು ಬಂತು. "ಔಷಧೀಲಿ ಎಂಥ ಪಾಲು ಅಕ್ಕಾ? ಡಾಕ್ಟರಮ್ಮ ನಿನಗೆ ಅಂತಲೇ—"

"ಡಾಕ್ಟರಮ್ಮನಿಗೆ ನೀನು ಅಂದ್ರೆ ಇಷ್ಟ, ಅದಕ್ಕೆ ನಿನಗೆ ಸುಲಭದ್ದು ಕೊಟ್ರು. ಹೊಟ್ಟೆ ಖಾಲಿ ಆಗೋದು ತಾನೇ ಬೇಕಾಗಿರೋದು? ಯಾವುದರಿಂದ ಆದ್ರೇನು?"

ತಂಗಿ ವಾದಕ್ಕೆ ಬಾಯಿ ತೆರೆದವಳು ಅಕ್ಕನ ಕೈ ನೋಡಿದಳು. ಎಂಥ ದಪ್ಪ ಬಟ್ಟೆಯ ಮೇಲೂ ಅಲುಗಾಡದ ಕೈ, ಖಾಲಿ ಲೋಟ ಹಿಡಿದುಕೊಂಡು ನಡುಗುತ್ತಿತ್ತು. ತಂಗಿ ಬಾಟಲಿಗೆ ಮುಚ್ಚಳ ಹಾಕಿದಳು. ಕ್ಯಾನನ್ನು ಮೇಜಿನ ಒಂದು ತುದಿಗೆ, ಎರಡು ಬಾಟಲಿಗಳನ್ನು ಇನ್ನೊಂದು ತುದಿಗೆ ಸರಿಸಿದಳು.

"ಸರಿ. ಆರಿಸ್ಕೋ."

ಮಾತು ಮುಗಿಯುವ ಮೊದಲೇ ಅಕ್ಕನ ಕೈ ಬಾಟಲಿಗಳ ಮೇಲಿತ್ತು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅವಳು ಮೊದಲು ಆರಿಸಿಕೊಂಡಿದ್ದಳು. ಎಂಥ ಸುಖವೆಂದರೆ, ಹೆದರಿಕೆಯೇ ಮರೆತುಹೋಯಿತು. ತಂಗಿ ಕ್ಯಾನಿನಿಂದ ಲೋಟ ತುಂಬಿಸಿಕೊಂಡು ಮುಖ ಕಿವುಚಿ ಕುಡಿಯುವುದನ್ನು ಅವಳು ನಿಂಬೆಯ ರುಚಿ ಚಪ್ಪರಿಸುತ್ತಾ ನೋಡಿದಳು. ನೋಡಲು ಬಲು ಚೆನ್ನಾಗಿತ್ತು.

ಸುಖ ಬಹಳ ಹೊತ್ತು ಉಳಿಯಲಿಲ್ಲ. ಆ ಮನೆಗಿದ್ದದ್ದು ಒಂದೇ ಕಕ್ಕಸು. ಸಂಜೆಯಾಗುವಷ್ಟರಲ್ಲಿ ತಂಗಿಯದೇ ಅಲ್ಲಿ ದರ್ಬಾರು. ಹೋಗಿ ಬಂದು, ಒಂದು ಲೋಟ ಕುಡಿದು, ಮತ್ತೆ ಓಡುತ್ತಿದ್ದಳು. ಅಕ್ಕ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕಾದಳು. ಕಾಯುವ ಅಗತ್ಯವೇನೂ ಇರಲಿಲ್ಲ, ಅವಳ ಹೊಟ್ಟೆ ಗುಡುಗಿತೇ ಹೊರತು ಸುರಿಯಲಿಲ್ಲ. ಹುಟ್ಟಿನಿಂದಲೂ ಅದು ಹಟಮಾರಿ ಹೊಟ್ಟೆ, ವಾರಕ್ಕೆ ಎರಡು ಸಲ ಒಲಿದರೆ ಹೆಚ್ಚು. ನಾಲ್ಕಾರು ಸಲ ಹೋಗಿ ಬಂದಳು, ಅಷ್ಟೇ. ಒಳಗಿನಿಂದ ಮತ್ತೆ ನೀರು ಸುರಿದ ಸದ್ದು ಕೇಳಿದಾಗ ಅಕ್ಕನಿಗೆ ಅದರ ಮೇಲೂ ಕರುಬು ಹುಟ್ಟಿತು. ಇವಳಿಗೆ ಇದೂ ಸಲೀಸು ನೋಡು!

"ಅಕ್ಕಾ, ತಿಳಿಯಾಯ್ತಾ?" ಹೊರಗೆ ಬಂದ ತಂಗಿ ಗೋಡೆ ಹಿಡಿದುಕೊಂಡು ಕೇಳಿದಳು. "ತಿಳಿ ಹಳದಿ ನೀರಿನ ಹಾಗೆ ಆಗಬೇಕಂತೆ. ಹಾಗಾಗದಿದ್ರೆ ಫೋನ್ ಮಾಡಿ ಅಂದಿದಾರೆ ನರ್ಸು."

"ಆಯ್ತು, ಆಯ್ತು. ನಿನಗಿಂತ ತಿಳಿ."

ಆಗಿರಲಿಲ್ಲ. ಬೆಳಗಿನ ಜಾವ ಎರಡನೆಯ ಬಾಟಲಿ ಕುಡಿದ ಮೇಲೂ ಆಗಲಿಲ್ಲ. ತಲೆ ಬೇರೆ ಸುತ್ತುತ್ತಿತ್ತು. ಆದರೂ ಹಟ ಬಿಡದೆ, ತಂಗಿಯ ಹೆಗಲು ಹಿಡಿದುಕೊಂಡು ಆಟೋ ಹತ್ತಿದಳು.

ಅಕ್ಕನನ್ನು ಮೊದಲು ಒಳಗೆ ಕರೆದುಕೊಂಡು ಹೋದರು, ಅವಳ ಬೆನ್ನಿಗೇ ತಂಗಿಯನ್ನು. ಮಂಪರಿನ ಚುಚ್ಚುಮದ್ದಿನಿಂದ ಎಚ್ಚರವಾದಾಗ ಇಬ್ಬರೂ ಪಕ್ಕಪಕ್ಕದ ಮಂಚದ ಮೇಲಿದ್ದರು. ಡಾಕ್ಟರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಕ್ಕನ ಕಾಲ ಬಳಿ ನಿಂತಿದ್ದರು.

"ನಿಮ್ಮ ಪರೀಕ್ಷೆ ಅರ್ಧಕ್ಕೇ ನಿಲ್ಲಿಸಬೇಕಾಯ್ತು ಅಮ್ಮಾ. ಒಳಗೆ ಏನೂ ಕಾಣಿಸ್ತಿಲ್ಲ, ಎಲ್ಲಾ ಗಲೀಜು. ಕ್ಯಾನು ಪೂರ್ತಿ ಕುಡಿದ್ರಾ?"

"ಕುಡಿದೆ," ಅಂದಳು ಅಕ್ಕ.

"ಕುಡಿದಿದ್ದು ನಾನು ಡಾಕ್ಟ್ರೇ," ಪಕ್ಕದ ಮಂಚದಿಂದ ತಂಗಿ ಹೇಳಿದಳು. "ನನ್ನಿಂದಲೇ ಅದಲುಬದಲಾಯ್ತು. ಅಕ್ಕನ್ನ ಬೈಬೇಡಿ."

ಡಾಕ್ಟರಮ್ಮ ಇಬ್ಬರನ್ನೂ ಬೈದರು, ಚೆನ್ನಾಗಿಯೇ ಬೈದರು. ಸದಾ ಕಟ್ಟಿಕೊಳ್ಳುವ ಹೊಟ್ಟೆಗೆ ದೊಡ್ಡ ಕ್ಯಾನೇ ಬೇಕು. ಅದಕ್ಕಿಂತ ಮುಖ್ಯವಾಗಿ, ಅಕ್ಕನ ಮೂತ್ರಪಿಂಡ ಮೊದಲೇ ಸ್ವಲ್ಪ ಸೋತಿದೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಾಳೆ. ಆ ಸಣ್ಣ ಬಾಟಲಿಯ ಉಪ್ಪು ಅಂಥವರಿಗೆ ಅಪಾಯ. ಇದನ್ನೆಲ್ಲ ಎದುರಿಗೆ ಕೂರಿಸಿಕೊಂಡು ಹೇಳಿರಲಿಲ್ಲವೇ? ಅಕ್ಕನ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು, ಸಂಜೆಯವರೆಗೂ ಅಲ್ಲೇ ಮಲಗಿಸಿ ನೋಡಿಕೊಂಡರು. ಮುಂದಿನ ವಾರ ಮತ್ತೆ ಬರಬೇಕು, ಈ ಸಲ ಕ್ಯಾನೇ ಕುಡಿಯಬೇಕು ಎಂದರು.

ಆಮೇಲೆ ತಂಗಿಯ ಕಡೆ ತಿರುಗಿದರು. "ನಿಮ್ಮ ಕರುಳು ಮಾತ್ರ ಬಹಳ ಸ್ವಚ್ಛವಾಗಿತ್ತು. ಮೂಲೆಮೂಲೆಯೂ ಕಾಣಿಸ್ತು. ಒಳತುದೀಲಿ ಚಪ್ಪಟೆಯಾದ ಒಂದು ಗಂಟು ಇದೆ, ಅದರ ಚೂರು ತೆಗೆದು ಲ್ಯಾಬಿಗೆ ಕಳಿಸಿದೀನಿ. ನೋಡೋಣ."

ಅಷ್ಟು ಮಾತಿನಲ್ಲಿ ಅಕ್ಕನ ಕಿವಿ ಹಿಡಿದುಕೊಂಡದ್ದು 'ಬಹಳ ಸ್ವಚ್ಛ' ಎಂಬುದನ್ನು. ಅದು ನನ್ನ ಕ್ಯಾನು, ನಾನು ಕುಡಿಯಬೇಕಿದ್ದ ಕ್ಯಾನು ಎಂದು ಅವಳು ಹಲ್ಲು ಕಚ್ಚಿದಳು. ಕಷ್ಟದ್ದು ತಂಗಿಗೆ ಹೋದರೂ ಹೊಗಳಿಕೆ ತಂಗಿಗೇ. ಸುಲಭದ್ದು ತನಗೆ ಬಂದರೂ ಬೈಗುಳ ತನಗೇ. ಗಂಟಿನ ಮಾತು ಅವಳ ಪಕ್ಕದಲ್ಲೇ ಹಾದುಹೋಯಿತು.

ಅಕ್ಕನ ರಕ್ತದ ವರದಿಯಲ್ಲಿ ಪುಣ್ಯಕ್ಕೆ ಕೆಡುಕೇನೂ ಕಾಣಲಿಲ್ಲ. ಆ ವಾರವೆಲ್ಲ ಅವಳು ಮುಖ ಊದಿಸಿಕೊಂಡೇ ಇದ್ದಳು. ಅವಳದು ಮುಗಿಯಿತು, ನನ್ನದು ಹಾಗೇ ಉಳಿಯಿತು. ರಕ್ತ ಕಂಡವಳು ನಾನು, ಇನ್ನೂ ಕತ್ತಲೆಯಲ್ಲಿ ಕೂತಿರುವವಳೂ ನಾನೇ. ಈ ಲೆಕ್ಕಾಚಾರದಲ್ಲಿ ಒಂದು ಶರ್ಟಿನ ಎರಡೂ ತೋಳನ್ನು ಎಡಗೈಗೇ ಕತ್ತರಿಸಿಟ್ಟಳು. ತಂಗಿ ಅದನ್ನು ಕಂಡಳು. ಬೀರುವಿನಿಂದ ಅದೇ ಬಟ್ಟೆಯ ಮತ್ತೊಂದು ತುಂಡು ತೆಗೆದು ಮೇಜಿನ ಮೇಲಿಟ್ಟು ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ವಾರ ಮುಗಿಯುವ ಮುಂಚೆ ಆಸ್ಪತ್ರೆಯಿಂದ ಕರೆ ಬಂತು. ಇಬ್ಬರೂ ಹೋದರು. ಡಾಕ್ಟರಮ್ಮ ಈ ಸಲ ಕೋಟಿನ ಸುದ್ದಿ ಎತ್ತಲಿಲ್ಲ. ತಂಗಿಯ ಗಂಟು ಕೆಟ್ಟ ಗಂಟು ಎಂದರು. ತಮ್ಮನಿಗೆ ಇದ್ದದ್ದೇ ಇದು. ಆದರೆ ಬೇಗ ಸಿಕ್ಕಿದೆ, ಕರುಳಿನ ಅಷ್ಟು ಭಾಗ ಕತ್ತರಿಸಿ ತೆಗೆದರೆ ಉಳಿಯುವ ಭರವಸೆ ಚೆನ್ನಾಗಿದೆ, ತಡ ಮಾಡುವುದು ಬೇಡ.

"ಮತ್ತೆ ಮೆಷಿನ್ ತುಳಿಯೋಕೆ ಎಷ್ಟು ದಿನ ಬೇಕಾಗುತ್ತೆ?" ಎಂದು ತಂಗಿ ಕೇಳಿದಳು. "ಶಾಲೆ ಶುರುವಾಗೋ ಹೊತ್ತು."

ಅಕ್ಕ ಕುರ್ಚಿಯ ತೋಳು ಹಿಡಿದುಕೊಂಡು, ಡಾಕ್ಟರಮ್ಮನ ಮೇಜಿನ ಅಂಚಿನಲ್ಲಿ ಎದ್ದಿದ್ದ ಒಂದು ಸಿಬಿರನ್ನೇ ನೋಡುತ್ತಾ ಕೂತಳು.

ದಾರಿಯಲ್ಲಿ ತಂಗಿಯೇ ಸಮಾಧಾನ ಹೇಳಿದಳು. "ನೋಡು, ನೀನು ಬಾಟಲಿ ಆರಿಸ್ಕೊಂಡಿದ್ದು ಒಳ್ಳೇದೇ ಆಯ್ತು. ಕ್ಯಾನು ಕುಡಿದಿದ್ದಕ್ಕೆ ಅಷ್ಟು ಸ್ವಚ್ಛ ಆಗಿ ಕಾಣಿಸ್ತೋ ಏನೋ."

"ಬಾಟಲಿ ಕುಡಿದಿದ್ರೂ ಕಾಣ್ತಿತ್ತು. ಸುಮ್ನಿರು," ಅಂದಳು ಅಕ್ಕ. ಆ ಪುಣ್ಯ ಅವಳಿಗೆ ಬೇಕಿರಲಿಲ್ಲ.

ಸುದ್ದಿ ಹರಡಿತು. ಗಿರಾಕಿಗಳು ಹಣ್ಣು ತಂದರು, ಹೂ ತಂದರು, ತಂಗಿಯ ಕೈ ಹಿಡಿದುಕೊಂಡು ಕೂತರು. ಬಸ್ ಡ್ರೈವರ್ ಮೆಟ್ಟಿಲ ಮೇಲೆ ಎರಡು ಎಳನೀರು ತಂದಿಟ್ಟು ಹೋದ. ಮಗಳು ಊರಿನಿಂದ ಓಡಿ ಬಂದು ನೇರವಾಗಿ ಚಿಕ್ಕಮ್ಮನ ಕೋಣೆಗೆ ಹೋಗಿ ಅವಳ ಮಗ್ಗುಲಲ್ಲಿ ಮಲಗಿಬಿಟ್ಟಳು. ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತ ಅಕ್ಕನ ಎದೆಯಲ್ಲಿ ಅದೇ ಹಳೆಯ ಉರಿ ಚುರುಗುಟ್ಟಿತು. ಹಾಳಾದ್ದು, ಈಗಲೂ ಬರುತ್ತದಲ್ಲ! ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಲೋಟವನ್ನು ಅಲ್ಲೇ ಇಟ್ಟು ಅಂಗಡಿಗೆ ಹೋದಳು. ಸಮವಸ್ತ್ರದ ಬಟ್ಟೆ ಹಾಸಿ ಕತ್ತರಿಸುತ್ತಾ ಹೋದಳು. ಹೊಲಿಯುವವರಿಲ್ಲದ ತುಂಡುಗಳು ಮೆಷಿನ್ನಿನ ಪಕ್ಕದಲ್ಲಿ ರಾಶಿ ಬಿದ್ದವು.

ಅಕ್ಕನ ಎರಡನೆಯ ಪರೀಕ್ಷೆಯ ದಿನ ಬಂತು. ಮಗಳು ತನ್ನ ಮಗುವನ್ನು ನೋಡಿಕೊಳ್ಳಲು ಊರಿಗೆ ಮರಳಿದ್ದಳು, ತಂಗಿಯ ಆಪರೇಷನ್ನಿಗೆ ಇನ್ನೂ ಕೆಲವು ದಿನ ಇತ್ತು. ಹಿಂದಿನ ಮಧ್ಯಾಹ್ನ ತಂಗಿಯೇ ಪುಡಿ ಕರಗಿಸಿ, ಕ್ಯಾನನ್ನು ತಣ್ಣಗೆ ಮಾಡಿ, ಲೋಟಕ್ಕೆ ಕೊಳವೆ ಹಾಕಿ ಕೊಟ್ಟಳು. ಕೊಳವೆಯಲ್ಲಿ ಹೀರಿದರೆ ನಾಲಿಗೆಗೆ ರುಚಿ ಅಷ್ಟು ತಾಗುವುದಿಲ್ಲ ಎಂದು ನರ್ಸಿನಿಂದ ಕೇಳಿ ತಿಳಿದು ಬಂದಿದ್ದಳು. ಅಕ್ಕ ಒಂದೇ ಒಂದು ಸಲವೂ ಮುಖ ಕಿವುಚಲಿಲ್ಲ. ಲೋಟ ಖಾಲಿಯಾದಂತೆಲ್ಲ ಮುಂದಕ್ಕೆ ಚಾಚಿದಳು.

"ಬಹಳ ಕಷ್ಟ ಆದ್ರೆ ಒಂದೆರಡು ಲೋಟ ನಾನು ಕುಡೀಲಾ?" ತಂಗಿ ತಮಾಷೆಗೆ ಕೇಳಿದಳು.

"ಮುಟ್ಟಿದ್ರೆ ನೋಡು. ಇದು ನನ್ನದು."

ಈ ಸಲ ಹಟಮಾರಿ ಹೊಟ್ಟೆಯೂ ಸೋತಿತು. ಬೆಳಗಿನ ಜಾವದ ಅರ್ಧವೂ ಮುಗಿಯುವ ಹೊತ್ತಿಗೆ ನೀರು ತಿಳಿ ಹಳದಿಯಾಗಿತ್ತು. ಅಕ್ಕ ತಂಗಿಯನ್ನು ಕೂಗಿ ಕರೆದು ತೋರಿಸಿದಳು.

ಮಂಪರಿನಿಂದ ಎದ್ದಾಗ ಡಾಕ್ಟರಮ್ಮ ನಗುತ್ತಾ ನಿಂತಿದ್ದರು. "ಪೂರ್ತಿ ನೋಡಿದೆ ಅಮ್ಮಾ. ಏನೂ ಇಲ್ಲ. ಒಂದು ಗುಳ್ಳೆಯೂ ಇಲ್ಲ. ರಕ್ತ ಬರ್ತಿರೋದು ಮೂಲವ್ಯಾಧಿಯಿಂದ, ಅದಕ್ಕೆ ಔಷಧಿ ಕೊಡ್ತೀನಿ. ನೀವಿನ್ನು ಧೈರ್ಯವಾಗಿರಿ."

ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಬಂಡೆ ಇಳಿಯಬೇಕಿತ್ತು. ಇಳಿಯಲಿಲ್ಲ.

"ಸರಿಯಾಗಿ ನೋಡಿದ್ರಾ?" ಅಂದಳು ಅಕ್ಕ.

"ನೋಡಿದೆ."

"ಆ ಒಳತುದಿ? ಅವಳಿಗೆ ಇದ್ದ ಜಾಗ?"

"ಅಲ್ಲೂ ನೋಡಿದೆ. ಏನೂ ಇಲ್ಲ."

"ಇನ್ನೊಂದು ಸಲ ನೋಡಿ ಡಾಕ್ಟ್ರೇ. ದೊಡ್ಡವಳು ನಾನು. ರಕ್ತ ಕಂಡಿದ್ದು ನನಗೆ. ಅವಳು ಸುಮ್ಮನೆ ನನ್ನ ಜೊತೆಗೆ ಬಂದವಳು."

ಡಾಕ್ಟರಮ್ಮ ಅವಳ ಭುಜ ತಟ್ಟಿ, ಮಂಪರು ಇಳಿಯಲಿ, ಸ್ವಲ್ಪ ಹೊತ್ತು ಮಲಗಿ ಎಂದು ಹೇಳಿ ಹೋದರು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಬರಬೇಕಾದದ್ದು ತನಗೆ. ಹೆದರಿದ್ದು ತಾನು, ದಿನವೂ ಅದನ್ನೇ ಎದುರು ನೋಡುತ್ತಾ ಕೂತಿದ್ದವಳು ತಾನು. ಏನೂ ಕೇಳದ, ಏನನ್ನೂ ಎದುರು ನೋಡದ ಅವಳಿಗೆ ಹೋಗಿ ಸೇರಿತಲ್ಲ. ಅವಳಿಗೇ ಏಕೆ ಬರಬೇಕಿತ್ತು? ಅದು ಹೊಟ್ಟೆಕಿಚ್ಚೇ, ಬೇರೆ ಒಳ್ಳೆಯ ಹೆಸರು ಹುಡುಕಬೇಡಿ. ತಂಗಿಯ ಕೈಯಲ್ಲಿ ಏನಿದ್ದರೂ ಅದು ತನ್ನದಾಗಬೇಕು ಎಂದು ಆಸೆಪಟ್ಟು ಬದುಕಿದವಳು ಅವಳು. ಆದರೆ ಯಾವುದನ್ನೂ ಇಷ್ಟು ಆಸೆಪಟ್ಟಿರಲಿಲ್ಲ.

ನರ್ಸು 'ಇನ್ನು ಎದ್ದು ಹೋಗಬಹುದು' ಎಂದಾಗ ಬಟ್ಟೆ ಸರಿಮಾಡಿಕೊಂಡು ಹೊರಗೆ ಬಂದಳು. ಉದ್ದನೆಯ ಓಣಿಯಂಥ ಮೊಗಸಾಲೆಯ ಬೆಂಚಿನ ಮೇಲೆ ತಂಗಿ ಅಕ್ಕನ ಚಪ್ಪಲಿ, ಚೀಲ, ನೀರಿನ ಬಾಟಲಿ ಇಟ್ಟುಕೊಂಡು ಕೂತಿದ್ದಳು. ಒಂದೇ ವಾರದಲ್ಲಿ ಇಳಿದುಹೋಗಿದ್ದಳು, ಬೂದು ಕೋಟು ಭುಜದಲ್ಲಿ ಸಡಿಲವಾಗಿತ್ತು. ಅಕ್ಕನ ಕಣ್ಣು ಅಭ್ಯಾಸಬಲದಿಂದ ಅಳತೆ ತೆಗೆಯಿತು, ತೆಗೆದದ್ದೇ ತಪ್ಪಾಯಿತು.

"ಏನಂದ್ರು ಅಕ್ಕಾ?"

"ಏನನ್ನೋದು? ನನಗೂ ಇದೆಯಂತೆ," ಅಂದಳು ಅಕ್ಕ, ಚಪ್ಪಲಿ ಮೆಟ್ಟಿಕೊಳ್ಳುತ್ತಾ. "ನಿನಗಿರೋ ಅಂಥದ್ದೇ. ಅದೇ ಜಾಗದಲ್ಲಿ. ಇಬ್ಬರಿಗೂ ಒಂದೇ ಸಲ ಆಪರೇಷನ್ ಮಾಡಿಬಿಡ್ತಾರಂತೆ. ಪಕ್ಕಪಕ್ಕದ ಮಂಚ ಕೊಡಿ ಅಂತ ಹೇಳಿ ಬಂದಿದೀನಿ. ನೀನೇನೂ ಹೆದರ್ಕೋಬೇಡ, ನಾನಿರ್ತೀನಿ."

ತಂಗಿ ಅವಳನ್ನೇ ನೋಡಿದಳು. ತಂಗಿಯ ತುಟಿ ಒಂದಿಷ್ಟು ನಕ್ಕಿತು, ಒಂದಿಷ್ಟು ಅದುರಿತು.

"ಅಕ್ಕಾ, ನರ್ಸು ಆಗಲೇ ಬಂದು ಹೇಳಿ ಹೋದ್ರು. ನಿನಗೇನೂ ಇಲ್ಲ. ಬರೀ ಮೂಲವ್ಯಾಧಿ. ಕೇಳಿ ನನಗೆ ಹೋದ ಜೀವ ಬಂದಂಗಾಯ್ತು."

ಅಕ್ಕ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದು ಬರಿಗಾಲಿನಲ್ಲಿ ಹಾಗೇ ನಿಂತುಬಿಟ್ಟಳು.

"ನನ್ನ ಹೊಟ್ಟೆ ವಿಷಯಾನೂ ನಿನಗೇ ಮೊದಲು ಹೇಳಬೇಕಾ ಅವರು?" ಎಂದು ಕೂಗಿದಳು. ಬೆಂಚುಗಳ ಮೇಲೆ ಕೂತಿದ್ದವರೆಲ್ಲ ತಿರುಗಿ ನೋಡಿದರು. "ಎಲ್ಲಾ ನಿನಗೇ, ಎಲ್ಲಾ ನಿನಗೇ! ಇದೊಂದನ್ನಾದ್ರೂ ನನಗೆ ಕೊಡಬಾರದಿತ್ತಾ ನೀನು?"

ತಂಗಿ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಅಕ್ಕ ಕೂರಲಿಲ್ಲ. ತಂಗಿಯ ಕೋಟಿನ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ನಿಂತಲ್ಲೇ, ಗಟ್ಟಿಯಾಗಿ ಅತ್ತಳು.